ರೋಮ್ ಸುತ್ತೋಕೆ ಹೊರಟವರಿಗೆ

ನೀರಿನ ಬಾಟಲಿಗೆ ಸುಮ್ನೆ ದುಡ್ಡು ಸುರಿಯಬೇಡಿ. ರೋಮ್‌ನ ಬೀದಿಬೀದಿಯಲ್ಲಿ ‘ನಾಸೋನಿ’ ಅನ್ನೋ ಎರಕದ ಕಬ್ಬಿಣದ ನಲ್ಲಿಗಳಿವೆ, ಹಗಲು ರಾತ್ರಿ ಹರಿಯುತ್ತಲೇ ಇರುತ್ತವೆ, ಖಾಲಿ ಬಾಟಲಿ ಹಿಡಿದರೆ ಸಾಕು. ಬಾಟಲಿ ಇಲ್ವಾ? ಕೊಳವೆಯ ತುದಿಯನ್ನು ಬೆರಳಿಂದ ಮುಚ್ಚಿ, ಮೇಲಿನ ಸಣ್ಣ ತೂತಿಂದ ನೀರು ಚಿಮ್ಮುತ್ತದೆ. ಪಕ್ಕದಲ್ಲಿ ಯಾರಾದ್ರೂ ಇದ್ದಾರಾ ಅಂತ ಮೊದಲು ನೋಡಿಕೊಳ್ಳಿ!

ಕಾಫಿಯನ್ನು ಕೌಂಟರ್ ಬಳಿ ನಿಂತೇ ಕುಡಿಯಿರಿ, ನಮ್ಮ ದರ್ಶಿನಿ ಥರ. ಟೇಬಲ್‌ನಲ್ಲಿ ಕೂತರೆ ಅದೇ ಕಾಫಿಗೆ ಬಹಳ ಕಡೆ ಜಾಸ್ತಿ ದುಡ್ಡು.

ಬಸ್‌ನ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತಿದ ಕೂಡಲೇ ಮಷಿನ್‌ಗೆ ತೂರಿಸಿ ಅಚ್ಚು ಒತ್ತಿಸಬೇಕು, ಇಲ್ಲಾಂದ್ರೆ ದಂಡ. ಸೇಂಟ್ ಪೀಟರ್ಸ್ ಚರ್ಚ್‌ಗೆ ಹೋಗೋಕೆ ಭುಜ, ಮಂಡಿ ಮುಚ್ಚೋ ಬಟ್ಟೆ ಬೇಕು. ಮಳೆ ಬಂದರೆ ಪ್ಯಾಂಥಿಯನ್ ಅನ್ನೋ ಪ್ರಾಚೀನ ರೋಮನ್ ದೇಗುಲಕ್ಕೆ ಓಡಿ: 43 ಮೀಟರ್ ಎತ್ತರದ ಗುಮ್ಮಟದ ನಡುವಿನ ತೂತಿಂದ ಮಳೆ ಒಳಗೇ ಸುರಿಯುತ್ತದೆ, ನೆಲದ ಸಣ್ಣ ಕಿಂಡಿಗಳಲ್ಲಿ ಇಳಿದುಹೋಗುತ್ತದೆ. ಕೊಲೋಸಿಯಂ ಟಿಕೆಟ್ ಮಾತ್ರ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಿ.