ಆಟದ ಪೀರಿಯಡ್ಡಿನಲ್ಲಿ ಕಾಟ ಇಳಿಸಿದ ಬಗೆ

ಓಡಿಸಿ ಸುಸ್ತು ಮಾಡಿದರೆ ಮಕ್ಕಳು ಜಗಳ ಬಿಡುತ್ತಾರೆ ಅನ್ನುವ ದೈಹಿಕ ಶಿಕ್ಷಕರು ಈಗಲೂ ಇದ್ದಾರೆ. ಸುಸ್ತಾದ ಹುಡುಗ ಇನ್ನೂ ಬೇಗ ಸಿಡುಕುತ್ತಾನೆ. ರಾಯಚೂರು ಕಡೆಯ ಸರ್ಕಾರಿ ಶಾಲೆಗಳಿಗೆ ಎಷ್ಟೋ ಮಕ್ಕಳು ಖಾಲಿ ಹೊಟ್ಟೆಯಲ್ಲೇ ಬರುತ್ತಾರೆ. ಅಪ್ಪ–ಅವ್ವನ ಜೊತೆ ಗುಳೆ ಹೋಗಿ ನಡುವರ್ಷದಲ್ಲಿ ಮರಳಿದವರಿಗೇ ಅಡ್ಡಹೆಸರು, ಹೊಡೆತ ಹೆಚ್ಚು. ಆಟದಿಂದ ಈ ಕಾಟ ಇಳಿಯುವ ಮಾತೇ ಅಲ್ಲ ಅಂತ ಹಲವರು ಅಂದಿದ್ದರು. ನಮ್ಮ ಶಾಲೆಯ ದೂರಿನ ವಹಿಯಲ್ಲಿ ವಾರಕ್ಕೆ ಎಂಟೋ ಹತ್ತೋ ಇದ್ದದ್ದು ಈಗ ಒಂದೆರಡು.

ಮೊದಲು ವೇಳಾಪಟ್ಟಿ ಬದಲಿಸಿ. ಕೊನೆಯ ಪೀರಿಯಡ್ಡಿನ ಸೇಡು ಮನೆದಾರಿಯಲ್ಲಿ ತೀರುತ್ತದೆ. ಶಾಲೆಯಲ್ಲಿ ಕೊಡುವ ಹಾಲು ಕುಡಿದು ಮುಕ್ಕಾಲು ಗಂಟೆಯಾದ ಮೇಲೆ ಆಟ, ಅದಾದ ಮೇಲೆ ಎರಡು ಪಾಠ ಇರಲಿ.

ನಾಯಕರು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟಿದರೆ ಕೊನೆಗೆ ಉಳಿಯುವವರು ದಿನವೂ ಅದೇ ಮೂವರು. ಒಂದು–ಎರಡು ಎಣಿಸಿದರೆ ಸಾಲಿನಲ್ಲೇ ಜಾಗ ಬದಲಿಸಿಕೊಳ್ಳುತ್ತಾರೆ. ಚೀಲದಿಂದ ಬಣ್ಣದ ಬಟ್ಟೆಪಟ್ಟಿ ಎತ್ತಿಸಿ, ಮಣಿಕಟ್ಟಿಗೆ ಗಂಟು ನೀವೇ ಹಾಕಿ. ಅದೇ ತಂಡ ಮೂರು ವಾರ ಇರಲಿ. ದಿನಕ್ಕೊಂದಾದರೆ ಒಗ್ಗುವುದಿಲ್ಲ, ವರ್ಷವಿಡೀ ಇಟ್ಟರೆ ಬಣ ಆಗುತ್ತದೆ.

ಅಸಲು ಕೆಲಸ ಮಾಡಿದ್ದು ಖೋ-ಖೋ, ಅದೂ ಎರಡು ನಿಯಮ ಸೇರಿಸಿದ ಮೇಲೆ. ಬೆನ್ನಟ್ಟುವ ಚುರುಕಿನ ಹುಡುಗ ತನ್ನ ಗೆಳೆಯರಿಗೆ ಮಾತ್ರ ಖೋ ಕೊಡುತ್ತಾನೆ. ಬೇಡದವನು ಕೂತಲ್ಲೇ ಕೂತಿರುತ್ತಾನೆ. ಆದ್ದರಿಂದ ಕೂತ ಎಂಟೂ ಮಂದಿಗೆ ಒಂದೊಂದು ಸಲ ಖೋ ಸಿಗುವ ತನಕ ಔಟಿಗೆ ಅಂಕವಿಲ್ಲ. ಇದಾದ ವಾರದಲ್ಲೇ ಇನ್ನೊಂದು ತೊಡಕು ಕಾಣುತ್ತದೆ: ಖೋ ನೆಪದಲ್ಲಿ ಬೆನ್ನಿಗೆ ಗುದ್ದು. ಬೈದರೆ ಪ್ರಯೋಜನವಿಲ್ಲ, ಹೊರಗೆ ಕೂರಿಸಿದರೆ ಸಂಜೆ ಮತ್ತೆ ಹೊಡೆಯುತ್ತಾನೆ. ಬೆನ್ನಿನ ಸದ್ದು ಗೆರೆಯಾಚೆ ಕೇಳಿಸಿದರೆ ಎದುರಾಳಿಗೆ ಎರಡು ಅಂಕ ಅಂತ ಮಾಡಿ. ಅವನ ಕೈ ತಡೆಯುವ ಕೆಲಸ ಅವನ ತಂಡದ್ದೇ ಆಗುತ್ತದೆ.

ಕಬಡ್ಡಿ ಎರಡನೇ ತಿಂಗಳಿಗೆ ಮೊದಲು ಬೇಡ, ಹಳೇ ಲೆಕ್ಕವೆಲ್ಲ ಹಿಡಿತದಲ್ಲಿ ತೀರುತ್ತದೆ. ಲಗೋರಿಗೆ ರಬ್ಬರ್ ಚೆಂಡಿನ ಬದಲು ಹಳೇ ಕಾಲುಚೀಲಕ್ಕೆ ಚಿಂದಿ ತುಂಬಿದ್ದು ಸಾಕು.

ಕಾಟ ಕೊಡುವವನ ಕೈಗೇ ಸೀಟಿ ಕೊಡುವುದನ್ನು ಹಲವರು ಮಾಡಿ ಕೈಬಿಟ್ಟಿದ್ದಾರೆ, ಅವನು ತನ್ನವರ ಕಡೆಗೇ ಊದುತ್ತಾನೆ. ಸೀಟಿ ಅವನದು, ಅಂಕ ಬರೆಯುವ ಸ್ಲೇಟು ಕೆಳಗಿನ ತರಗತಿಯ ಒಂದು ಮಗುವಿನದು ಆಗಲಿ. ಆ ಜೋಡಿ ಆರಿಸುವ ಗುಟ್ಟು ಮಾತ್ರ ಬರೆಯುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ.

ದುಡ್ಡಿನ ಮಾತು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಕ್ರೀಡಾ ಅನುದಾನ ಹಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 10,000 ರೂಪಾಯಿವರೆಗೆ. ಮೈದಾನದ ಎರೆಮಣ್ಣು ಮಳೆಗೆ ಅಂಟು, ಬೇಸಿಗೆಗೆ ಬಿರುಕು. ಎರಡು ಟ್ರ್ಯಾಕ್ಟರ್ ಮರಂ (ಗರಸು ಮಣ್ಣು) ಹಾಕಿಸಲು ಮೂರು ಸಾವಿರದ ಆಸುಪಾಸು ಹೋಯಿತು. ಅಂಗಡಿ ಸ್ಕಿಪ್ಪಿಂಗ್ ಹಗ್ಗದ ಹಿಡಿ ತಿಂಗಳಲ್ಲಿ ಮುರಿಯುತ್ತದೆ. ನೈಲಾನ್ ಹಗ್ಗ ಕೆಜಿ ಲೆಕ್ಕದಲ್ಲಿ ತಂದು ಎಂಟಡಿಗೆ ಕತ್ತರಿಸಿ, ತುದಿ ಸುಟ್ಟು ಗಂಟು ಹಾಕಿದರಾಯಿತು. ಶೂ ಇದ್ದವರೂ ಬಿಚ್ಚಲಿ, ಬರಿಗಾಲಿನವರ ಬೆರಳು ಉಳಿಯುತ್ತದೆ. ಜಾಲಿಮುಳ್ಳು ಮಾತ್ರ ಮೊದಲೇ ಆರಿಸಿಸಬೇಕು.

ಸೂರ್ಯನಮಸ್ಕಾರವನ್ನೂ ಒಂದು ತಿಂಗಳು ನಡೆಸಿ ನೋಡಿದ್ದಾಯಿತು. ಗದ್ದಲ ನಿಂತಿತು, ಗೇಲಿ ನಿಲ್ಲಲಿಲ್ಲ. ಒಬ್ಬರಿಗೊಬ್ಬರು ಬೇಕಾಗುವ ಪ್ರಸಂಗವೇ ಅದರಲ್ಲಿಲ್ಲ. ಝಣಝಣಿಸುವ ಬಿಲ್ಲೆಗಳ ಕೋಲು ಹಿಡಿದು ತಾಳಕ್ಕೆ ಹೆಜ್ಜೆ ಹಾಕುವ ಲೇಜಿಮು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು, ಒಬ್ಬನ ತಾಳ ತಪ್ಪಿದರೆ ಪಕ್ಕದವನೇ ಕಲಿಸಬೇಕು. ಪಕ್ಕದ ತರಗತಿಯಿಂದ ತಕರಾರು ಬರುವುದಾದರೆ, ಹೆಜ್ಜೆ ಕೂರುವ ತನಕ ಬಿಲ್ಲೆಗಳಿಗೆ ಬಟ್ಟೆ ಸುತ್ತಿ ಕಟ್ಟಿ.