ಅಪ್ಪನ ಮಾರುತಿಯ ಕೀ ತಿರುಗದೇ ಹೋದಾಗ

ಡಿಸೆಂಬರ್ ಮೊದಲ ವಾರ. ಸಕಲೇಶಪುರದಲ್ಲಿ ಕಾಫಿ ಕೊಯ್ಲು ಶುರುವಾಗಿತ್ತು. ಬೆಳಗ್ಗೆ ಏಳಕ್ಕೆ ಕಾರಿನಲ್ಲಿ ಕೂತು ಕೀ ತಿರುಗಿಸಿದರೆ ಅಲ್ಲಾಡಲೇ ಇಲ್ಲ. ಅಪ್ಪ 1998ರಲ್ಲಿ ತಂದ ಮಾರುತಿ 800 ಅದು. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಅದೇ ಕೀ ಸಲೀಸಾಗಿ ತಿರುಗಿತು. ಮರುದಿನ ಬೆಳಗ್ಗೆ ಮತ್ತೆ ಅದೇ ಕಥೆ.

ಕಾರಣ ಹೊಳೆಯಲು ನಾಲ್ಕು ದಿನ ಬೇಕಾಯಿತು. ಅಪ್ಪ ಬೀರು, ಗೇಟು, ಗೋಡೌನು ಎನ್ನದೆ ಎಲ್ಲ ಬೀಗಕ್ಕೂ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ಕಾರಿಗೂ ಬಿಟ್ಟಿದ್ದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಚ್ಚಲುಮನೆಯ ಬಾಟಲಿಯನ್ನು ಬಿಸಿನೀರಲ್ಲಿ ಇಡುತ್ತೇವಲ್ಲ, ಲಾಕಿನೊಳಗೂ ಅದೇ ಆಗುತ್ತಿತ್ತು. ಅದರ ಜೊತೆಗೆ ಇಷ್ಟು ವರ್ಷದ ಮಣ್ಣುರಸ್ತೆಯ ಧೂಳು ಬೇರೆ.

ಒಬ್ಬ ಮೆಕ್ಯಾನಿಕ್ ಸ್ಟಾರ್ಟ್ ಮಾಡುವ ಲಾಕನ್ನೇ ಬದಲಿಸೋಣ ಎಂದರು. ಬದಲಿಸಿದರೆ ಬಾಗಿಲಿಗೆ ಒಂದು ಕೀ, ಸ್ಟಾರ್ಟ್ ಮಾಡಲು ಇನ್ನೊಂದು. ಅದೂ ಅಲ್ಲದೆ ಆ ಕೀ ಅಪ್ಪನ ಅಂಗಿ ಜೇಬಿನಲ್ಲಿ ವರ್ಷಾನುಗಟ್ಟಲೆ ಇದ್ದದ್ದು. ಬಿಡಲು ಮನಸ್ಸಾಗಲಿಲ್ಲ. ನಾನೇ ಕೂತು ಸರಿಮಾಡಿದೆ. ನಿಮ್ಮ ಹಳೇ ಕಾರಿಗೂ ಹೀಗಾಗಿದ್ದರೆ ಈ ಕ್ರಮದಲ್ಲೇ ನೋಡಿ.

ಮೊದಲು, ದಯವಿಟ್ಟು ಬಲ ಹಾಕಬೇಡಿ. ಕಟ್ಟಿಂಗ್ ಪ್ಲೇಯರ್‌ನಲ್ಲಿ ಕೀ ಹಿಡಿದು ತಿರುಗಿಸಲೇಬೇಡಿ. ಕೀ ಒಳಗೆ ಮುರಿದರೆ ಅರ್ಧ ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ.

ಒಂದು ಕೈಯಲ್ಲಿ ಕೀಯನ್ನು ಹಗುರವಾಗಿ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕೀ ತೆಗೆದಾಗ ಲಾಕಿನಿಂದ ಒಂದು ಕಬ್ಬಿಣದ ಗೂಟ ಹೊರಬಂದು ಸ್ಟೇರಿಂಗ್ ರಾಡಿನ ತೂತಿಗೆ ಸಿಕ್ಕಿಕೊಳ್ಳುತ್ತದೆ. ಇಳಿಜಾರಿನಲ್ಲಿ ಚಕ್ರ ತಿರುಗಿಸಿ ಕಲ್ಲಿಗೆ ಒತ್ತಿ ನಿಲ್ಲಿಸಿದ್ದರೆ ಆ ಗೂಟದ ಮೇಲೆ ಭಾರ ಬಿದ್ದಿರುತ್ತದೆ. ಭಾರ ಇಳಿದ ಕೂಡಲೇ ಕೀ ತಾನಾಗಿ ತಿರುಗುತ್ತದೆ. ಎಷ್ಟೋ ಸಲ ಇಷ್ಟೇ ತೊಂದರೆ.

ಅದರಿಂದ ಆಗಲಿಲ್ಲ ಅಂದರೆ ಕೀಯನ್ನು ಬೆಳಕಿಗೆ ಹಿಡಿದು ನೋಡಿ. ಲಾಕಿನೊಳಗೆ ಸಾಲಾಗಿ ತೆಳುವಾದ ಹಿತ್ತಾಳೆ ತಗಡುಗಳಿರುತ್ತವೆ, ಒಂದೊಂದಕ್ಕೂ ಪುಟ್ಟ ಸ್ಪ್ರಿಂಗ್. ಕೀಯ ಹಲ್ಲುಗಳು ಅವನ್ನು ಸರಿಯಾದ ಮಟ್ಟಕ್ಕೆ ತಂದರೆ ಮಾತ್ರ ಸಿಲಿಂಡರ್, ಅಂದರೆ ಕೀ ಕೂರುವ ಒಳಗಿನ ಉರುಳೆ, ತಿರುಗುತ್ತದೆ. ಹಲ್ಲು ಸವೆದು ದುಂಡಗಾಗಿದ್ದರೆ ಯಾವುದೋ ಒಂದು ತಗಡು ಕೂದಲೆಳೆಯಷ್ಟು ಹೊರಗೆ ಉಳಿದು ತಡೆಯುತ್ತದೆ. ಅದೇ ಕೀ ಬಾಗಿಲಿಗೂ ಆಗುವುದಾದರೆ ಅಲ್ಲಿ ಹಾಕಿ ನೋಡಿ. ಅಲ್ಲೂ ಬಿಗಿಯಾದರೆ ಅನುಮಾನ ಕೀ ಮೇಲೆ.

ನಾನು ಮೊದಲು ಸವೆದ ಕೀಯನ್ನೇ ಕೊಟ್ಟು ಡೂಪ್ಲಿಕೇಟ್ ಮಾಡಿಸಲು ಹೊರಟಿದ್ದೆ. ಹಾಸನದಲ್ಲಿ ಕೀ ಮಾಡುವ ಹುಡುಗ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಅಕ್ಕಾ, ಇದನ್ನ ನೋಡ್ಕೊಂಡು ಕೊರೆದ್ರೆ ಸವೆದಿದ್ದೂ ಹಾಗೇ ಬರುತ್ತೆ. ಕಾರ್ ಜೊತೆ ಬಂದ ಇನ್ನೊಂದು ಕೀ ಮನೇಲಿಲ್ವಾ?" ಎಂದ. ಎಂಥಾ ಒಳ್ಳೆ ಮಾತು ಅಲ್ವಾ? ಸುಮ್ನೆ ದುಡ್ಡು ತೆಗೆದುಕೊಂಡು ಮಾಡಿಕೊಡಬಹುದಿತ್ತು. ಅಮ್ಮನ ಬೀರುವಿನಲ್ಲಿ, ಆರ್‌ಸಿ ಪುಸ್ತಕದ ಕವರಿನೊಳಗೆ ಎರಡನೇ ಕೀ ಇತ್ತು. ಬಳಸಿದ ಗುರುತೇ ಇಲ್ಲ. ಅದನ್ನು ನೋಡಿ ಅವನು ಹೊಸದು ಕೊರೆದುಕೊಟ್ಟ. ಕೀಯ ತಲೆಯಲ್ಲಿ ಚಿಪ್ ಇರುವ ಕಾರುಗಳಿಗೆ ಮಾತ್ರ ಇದು ಸಾಲದು. ಬರೀ ಕೊರೆದ ಕೀ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ.

ಇನ್ನು ಕೊಳೆ ತೆಗೆಯುವುದು. ಕಾರನ್ನು ಬಯಲಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಲಾಕಿನ ಹಿಂದೆಯೇ ಕರೆಂಟಿನ ಸ್ವಿಚ್ ಇದೆ, ನಾವು ಬಿಡುವ ಸ್ಪ್ರೇ ಬೆಂಕಿ ಹತ್ತುವಂಥದ್ದು. ಆದ್ದರಿಂದ ವೈರ್ ಬಿಚ್ಚುವುದನ್ನು ಮರೆಯುವ ಹಾಗಿಲ್ಲ.

ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಎಂಬ, ಜಿಡ್ಡು ತೆಗೆದು ಬೇಗ ಆರುವ ಸ್ಪ್ರೇ ಸಿಗುತ್ತದೆ. ಅದರ ಸಣ್ಣ ನಳಿಗೆಯನ್ನು ಕೀ ತೂತಿಗೆ ಇಟ್ಟು ಒಂದೇ ಒಂದು ಸಲ ಚಿಕ್ಕದಾಗಿ ಒತ್ತಿ. ಕೆಳಗೆ ಹಳೇ ಬಟ್ಟೆ ಹಿಡಿದಿರಿ. ಕೀ ಹಾಕಿ, ತೆಗೆದು, ಒರೆಸಿ. ಮತ್ತೆ ಹಾಕಿ, ತೆಗೆದು, ಒರೆಸಿ. ನನ್ನ ಕೀ ಮೊದಲ ಹತ್ತು ಸಲ ಕಪ್ಪು ಜಿಡ್ಡು ಮೆತ್ತಿಕೊಂಡೇ ಬಂತು. ಮತ್ತೊಮ್ಮೆ ಸ್ಪ್ರೇ, ಮತ್ತೆ ಅದೇ ಕೆಲಸ. ಬಟ್ಟೆ ಬೆಳ್ಳಗೆ ಉಳಿಯುವ ತನಕ ಮಾಡಬೇಕು. ನನಗೆ ನಾಲ್ಕು ಸುತ್ತು ಬೇಕಾಯಿತು. ಪೆಟ್ರೋಲ್ ಹಾಕಿ ತೊಳೆಯಿರಿ ಎನ್ನುವವರಿದ್ದಾರೆ, ಅವರ ಮಾತು ಕೇಳಬೇಡಿ.

ಬಾಗಿಲು ತೆರೆದಿಟ್ಟು ಒಂದು ಗಂಟೆ ಪೂರ್ತಿ ಒಣಗಲು ಬಿಡಿ. ಆಮೇಲೆ ಗ್ರಾಫೈಟ್ ಪುಡಿಯನ್ನು ಚಿಟಿಕೆಯಷ್ಟು ಕೀ ಮೇಲೆ ಸವರಿ ಒಳಗೆ ಹಾಕಿ ತೆಗೆಯಿರಿ. ಅದು ಒಣ ಪುಡಿ. ಧೂಳು ಹಿಡಿಯುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ. ಜಾಸ್ತಿ ಹಾಕಬೇಡಿ. ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ, ಹಿಂದೆ ಸ್ವಿಚ್ ಇರುವುದು ನೆನಪಿರಲಿ. ಅದರ ಮೇಲೆ ಯಾವ ಎಣ್ಣೆಯನ್ನೂ ಬಿಡಬೇಡಿ, ಎರಡೂ ಸೇರಿದರೆ ಗೊಜ್ಜಾಗುತ್ತದೆ. ಈಗ ಬ್ಯಾಟರಿ ವೈರ್ ಹಾಕಿ, ಹೊಸ ಕೀಯಿಂದ ನಿಧಾನಕ್ಕೆ ತಿರುಗಿಸಿ. ನನ್ನದು ಮೊದಲ ಸಲಕ್ಕೇ ತಿರುಗಿತು. ಅಮ್ಮ ಜಗಲಿಯಿಂದ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತರು.

ತಮ್ಮನ ಹಳೇ ಕಾರಿಗೆ ಇದೆಲ್ಲ ಸಾಲಲಿಲ್ಲ. ಒಳಗಿನ ಒಂದು ತಗಡೇ ಮುರಿದಿತ್ತು, ಲಾಕ್ ಬಿಚ್ಚಲೇಬೇಕಾಯಿತು. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರಿನ ಸ್ಕ್ರೂ ತೆಗೆದರೆ ಲಾಕ್ ಕಾಣುತ್ತದೆ. ಅದನ್ನು ಹಿಡಿದಿರುವ ಬೋಲ್ಟ್‌ಗಳಿಗೆ ತಲೆಯೇ ಇರುವುದಿಲ್ಲ. ಕಳ್ಳರು ಸುಲಭವಾಗಿ ಬಿಚ್ಚಬಾರದೆಂದು, ಕೂರಿಸುವಾಗ ತಲೆ ಮುರಿದು ಬೀಳುವ ಹಾಗೆ ಮಾಡಿರುತ್ತಾರೆ. ಸೆಂಟರ್ ಪಂಚ್ (ಚೂಪು ತುದಿಯ ಉಕ್ಕಿನ ಕಡ್ಡಿ) ಇಟ್ಟು ಅಂಚಿಗೆ ಓರೆಯಾಗಿ ಸಣ್ಣ ಸಣ್ಣ ಏಟು ಹಾಕುತ್ತಾ ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಸಿಲಿಂಡರನ್ನು ನೀವೇ ಬಿಡಿಸಬೇಡಿ, ಸ್ಪ್ರಿಂಗ್ ಹಾರಿದರೆ ಸಿಗುವುದಿಲ್ಲ. ಇಡೀ ಲಾಕನ್ನೇ ಕೀ ಮಾಡುವವರಿಗೆ ಕೊಡಿ. ತಗಡು ಬದಲಿಸಿದರೆ ಹಳೇ ಕೀಯೇ ಉಳಿಯುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಈ ಬಿಚ್ಚುವ ಕೆಲಸಕ್ಕೆ ಕೈ ಹಾಕಬೇಡಿ, ಗ್ಯಾರೇಜಿಗೆ ಒಯ್ಯಿರಿ.

ಮತ್ತೆ ಕೂರಿಸುವಾಗ ಹೊಸ ಬೋಲ್ಟ್ ಹಾಕಿ, ಮೊದಲು ಸಡಿಲವಾಗಿ. ಕೀ ತೆಗೆದು ಸ್ಟೇರಿಂಗ್ ತಿರುಗಿಸಿದರೆ ಗೂಟ ಕೂತು ಲಾಕ್ ಆಗಬೇಕು. ಕೀ ಹಾಕಿ ಒಂದು ಹಂತ ತಿರುಗಿಸಿದರೆ ಗೂಟ ಪೂರ್ತಿ ಒಳಗೆ ಸರಿದು, ಸ್ಟೇರಿಂಗ್ ಎರಡೂ ತುದಿಯ ತನಕ ಎಲ್ಲೂ ತಾಗದೆ ಓಡಾಡಬೇಕು. ನಾಲ್ಕೈದು ಸಲ ನೋಡಿ. ಎರಡೂ ಸರಿ ಇದ್ದ ಮೇಲೆ ಬೋಲ್ಟ್ ತಲೆ ಮುರಿಯುವ ತನಕ ಬಿಗಿ ಮಾಡಿ. ಇಲ್ಲಿ ತಪ್ಪಿದರೆ ಶಿರಾಡಿ ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಹಿಡಿದುಕೊಳ್ಳಬಹುದು. ಅದಕ್ಕೇ ಈ ಪರೀಕ್ಷೆ ಆಗದೆ ತಮ್ಮನಿಗೆ ಗಾಡಿಯನ್ನು ಗೇಟು ದಾಟಿಸಲು ನಾನು ಬಿಡಲಿಲ್ಲ.

ಅಪ್ಪನ ಸವೆದ ಕೀಯನ್ನು ಈಗ ಬೀರುವಿನಲ್ಲಿ ಇಟ್ಟಿದ್ದೇನೆ. ಕಾರಿನ ಕೀ ಗೊಂಚಲಿನಿಂದ ಗೋಡೌನಿನ ದೊಡ್ಡ ಬೀಗದ ಕೈ, ಗೇಟಿನ ಕೈ ಎಲ್ಲ ತೆಗೆದೆ. ಆ ಭಾರ ಕೀಗೆ ಜೋತುಬಿದ್ದು ಅಲ್ಲಾಡುತ್ತಾ ಲಾಕನ್ನು ಸವೆಸುತ್ತಿತ್ತು. ಕೊಬ್ಬರಿ ಎಣ್ಣೆ ಬಾಟಲಿ ಬಚ್ಚಲುಮನೆಯಲ್ಲೇ ಇದೆ.