ಉಳ್ಳಾಗಡ್ಡಿ ಪದರಿನಲ್ಲಿ ಇಟ್ಟಂಗಿ ಗೋಡೆ: ಮನೆಯಲ್ಲೊಂದು ಮೈಕ್ರೋಸ್ಕೋಪ್

ಅಣ್ಣನ ಮಗಳು ಏಳನೇ ಕ್ಲಾಸು. ಹೋದ ದೀಪಾವಳಿಗೆ ಧಾರವಾಡದ ಮನೆಗೆ ಒಂದು ಮೈಕ್ರೋಸ್ಕೋಪ್ ತಂದೆ. ಡಬ್ಬಿ ಬಿಚ್ಚಿದ್ದೇ ತಡ, ಅವಳು ಹಿತ್ತಲಿಂದ ಒಂದು ಸತ್ತ ಇರುವೆ ತಂದು ಗಾಜಿನ ಮೇಲಿಟ್ಟಳು. ಎಲ್ಲಕ್ಕಿಂತ ಉದ್ದದ ಲೆನ್ಸ್ ತಿರುಗಿಸಿ ಕಣ್ಣಿಟ್ಟಳು.

"ಕಾಕಾ, ಬರೇ ಕರ್ರಗ ಐತಿ. ಏನೂ ಕಾಣವಲ್ದು."

ನಾನೂ ಬಗ್ಗಿ ನೋಡಿದೆ. ನನಗೆ ಕಂಡದ್ದು ನನ್ನದೇ ರೆಪ್ಪೆಗೂದಲು.

ಇರುವೆ ದಪ್ಪ, ಬೆಳಕು ಅದನ್ನು ದಾಟುವುದಿಲ್ಲ. ಕತ್ತಲು ಕಂಡದ್ದು ಅದಕ್ಕೇ. ಹೊಸಬರೆಲ್ಲ ಹೀಗೇ ಎಡವುತ್ತಾರೆ, ಮೊದಲೇ ಎಷ್ಟು ದೊಡ್ಡದಾಗಿ ನೋಡಬಹುದು ಎಂದು ಹೊರಡುತ್ತಾರೆ. ಈ ಯಂತ್ರದಲ್ಲಿ ಮುಕ್ಕಾಲು ಕೆಲಸ ಬೆಳಕಿನದ್ದು. ತೆಳ್ಳಗಿನ ವಸ್ತು, ಹದವಾದ ಬೆಳಕು ಇವೆರಡು ಕೂಡಿಬಂದರೆ ಸಾಧಾರಣ ಮೈಕ್ರೋಸ್ಕೋಪೂ ಬೆರಗು ಹುಟ್ಟಿಸುತ್ತದೆ.

ಕೊಳ್ಳುವ ಮುಂಚೆ

ಆಟಿಕೆ ಅಂಗಡಿಯಲ್ಲಿ "1200 ಪಟ್ಟು" ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ನಾನು ಒಮ್ಮೆ ಆಗಿದ್ದೆ. ಪ್ಲಾಸ್ಟಿಕ್ ಲೆನ್ಸು, ಅಲುಗಾಡುವ ಮೈ, ಕಂಡದ್ದೆಲ್ಲ ಮಂಜು. ಅದೀಗ ಅಟ್ಟದ ಮೇಲಿದೆ.

ಕಾಲೇಜುಗಳಿಗೆ ಲ್ಯಾಬ್ ಸಾಮಾನು ಕೊಡುವ ಅಂಗಡಿಗೆ ಹೋಗಿ, ಲೋಹದ ಮೈಯ ಸ್ಟೂಡೆಂಟ್ ಮೈಕ್ರೋಸ್ಕೋಪ್ ಕೇಳಿ. ಕಣ್ಣಿಡುವ ಲೆನ್ಸ್, ಅಂದರೆ ಐಪೀಸ್, 10 ಪಟ್ಟಿನದು ಇರಲಿ. ಕೆಳಗಿನ ಲೆನ್ಸ್‌ಗಳು, ಅಂದರೆ ಆಬ್ಜೆಕ್ಟಿವ್‌ಗಳು, 4, 10, 40 ಪಟ್ಟಿನವು ಇದ್ದರೆ ಸಾಕು. ಎರಡನ್ನೂ ಗುಣಿಸಿದರೆ ಒಟ್ಟು 40, 100, 400 ಪಟ್ಟು ಆಗುತ್ತದೆ. 100ರ ಆಬ್ಜೆಕ್ಟಿವ್‌ಗೆ ವಿಶೇಷ ಎಣ್ಣೆ ಬೇಕು, ಅದರ ರಗಳೆ ಶುರುವಿಗೆ ಬೇಡ.

ಆಬ್ಜೆಕ್ಟಿವ್‌ನ ಮೈಮೇಲೆ ಸಣ್ಣ ಅಂಕಿಗಳಿರುತ್ತವೆ, ಓದಿ ನೋಡಿ. "40/0.65" ಎಂದಿದ್ದರೆ ಮೊದಲನೆಯದು ಎಷ್ಟು ಪಟ್ಟು ಎಂಬುದು. ಎರಡನೆಯದು ಲೆನ್ಸ್ ಎಷ್ಟು ಅಗಲದ ಬೆಳಕನ್ನು ಹಿಡಿಯಬಲ್ಲದು ಎಂಬ ಲೆಕ್ಕ. ಈ ಎರಡನೆಯ ಅಂಕಿಯನ್ನು ಸಾವಿರದಿಂದ ಗುಣಿಸಿ: 650. ಆ ಲೆನ್ಸಿನಿಂದ ಅದಕ್ಕಿಂತ ಜಾಸ್ತಿ ಪಟ್ಟು ಹಿಗ್ಗಿಸಿದರೆ ಹೊಸದೇನೂ ಕಾಣುವುದಿಲ್ಲ. ಮೊಬೈಲಿನಲ್ಲಿ ಮಸುಕು ಫೋಟೋ ಹಿಗ್ಗಿಸಿದ ಹಾಗೆ, ಮಸುಕೇ ದೊಡ್ಡದಾಗುತ್ತದೆ. ಡಬ್ಬಿಯ ಮೇಲಿನ 1200 ಎಂಥದ್ದು ಎಂದು ಈಗ ಗೊತ್ತಾಯಿತಲ್ವಾ?

ಅಷ್ಟು ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಫೋಲ್ಡ್‌ಸ್ಕೋಪ್ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಭಾರತ ಮೂಲದ ವಿಜ್ಞಾನಿ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿದ ಕಾಗದದ ಮೈಕ್ರೋಸ್ಕೋಪ್ ಅದು. ಮಡಚಿ ಕಿಸೆಯಲ್ಲಿಟ್ಟುಕೊಳ್ಳಬಹುದು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಎಲ್ಲಿ ಇಡಬೇಕು, ಬೆಳಕು ಎಲ್ಲಿಂದ

ಎತ್ತುವಾಗ ಒಂದು ಕೈ ಬೆನ್ನಿನ ಕಂಬಕ್ಕೆ, ಇನ್ನೊಂದು ಕೈ ಬುಡಕ್ಕೆ. ಮಗುವನ್ನು ಎತ್ತಿದ ಹಾಗೆ. ಅಲುಗಾಡದ ಮೇಜು ಬೇಕು. ಹೊಲಿಗೆ ಮಷೀನು, ಮಿಕ್ಸರ್ ಇರುವ ಮೇಜು ಬೇಡ. ಪಕ್ಕದಲ್ಲಿ ಮಿಕ್ಸರ್ ತಿರುಗಿದರೆ 400 ಪಟ್ಟಿನಲ್ಲಿ ಭೂಕಂಪವೇ ಆಗುತ್ತದೆ.

ಕೆಳಗೆ ಎಲ್‌ಇಡಿ ದೀಪ ಇದ್ದರೆ ಸುಲಭ. ಕನ್ನಡಿ ಇರುವುದಾದರೆ ಕರೆಂಟು ಹೋದಾಗಲೂ ನಡೆಯುತ್ತದೆ. ಕನ್ನಡಿಗೆ ಎರಡು ಮುಖ. ಸ್ಟೇಜಿನ, ಅಂದರೆ ನೋಡುವ ವಸ್ತು ಇಡುವ ತಟ್ಟೆಯ, ಕೆಳಗೆ ಕಂಡೆನ್ಸರ್ ಎಂಬ ಲೆನ್ಸ್ ಇದ್ದರೆ ಚಪ್ಪಟೆ ಮುಖ ಮೇಲೆ ಮಾಡಿ, ಇಲ್ಲದಿದ್ದರೆ ತಗ್ಗಿನ ಮುಖ. ಉತ್ತರದ ಕಿಟಕಿಯ ಬೆಳಕು ಬಹಳ ಚಲೋ. ಎದುರಿನ ಬಿಳಿ ಗೋಡೆಯ ಬೆಳಕೂ ನಡೆಯುತ್ತದೆ. ಕನ್ನಡಿಯನ್ನು ಎಂದೂ ಸೂರ್ಯನ ಕಡೆ ತಿರುಗಿಸಬೇಡಿ. ಕಣ್ಣು ಸುಟ್ಟುಹೋಗಬಹುದು. ಮಕ್ಕಳಿಗೆ ಮೊದಲು ಇದನ್ನೇ ಹೇಳಿ, ಉಳಿದದ್ದು ಆಮೇಲೆ.

4ರ ಲೆನ್ಸ್ ಹಾಕಿ, ಸ್ಲೈಡ್ (ವಸ್ತು ಇಡುವ ಗಾಜಿನ ಪಟ್ಟಿ) ಇಡದೆ ಕಣ್ಣಿಟ್ಟು, ಕನ್ನಡಿಯನ್ನು ಮೆಲ್ಲಗೆ ಹೊರಳಿಸಿ. ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ, ಎಲ್ಲ ಕಡೆ ಒಂದೇ ಸಮ ಬೆಳ್ಳಗೆ ಕಾಣಬೇಕು. ಅರ್ಧಚಂದ್ರ ಕಂಡರೆ ಆಬ್ಜೆಕ್ಟಿವ್ "ಟಕ್" ಎಂದು ತನ್ನ ಜಾಗದಲ್ಲಿ ಕೂತಿಲ್ಲ, ಇಲ್ಲವೇ ಕನ್ನಡಿ ಓರೆಯಾಗಿದೆ. ಇನ್ನೊಂದು ಕಣ್ಣನ್ನೂ ತೆರೆದಿಡುವುದು ರೂಢಿಯಾಗಲಿ. ಮುಚ್ಚಿಕೊಂಡರೆ ಹತ್ತು ನಿಮಿಷದಲ್ಲಿ ತಲೆ ಹಿಡಿಯುತ್ತದೆ.

ಮೊದಲ ಸ್ಲೈಡು: ಪೇಪರಿನ ಒಂದು ಅಕ್ಷರ

ಹಳೆಯ ಪೇಪರಿನಿಂದ ಒಂದೇ ಒಂದು "ಕ" ಕತ್ತರಿಸಿ ಸ್ಲೈಡ್ ಮೇಲಿಡಿ. ಮೇಲೊಂದು ಹನಿ ನೀರು, ಅದರ ಮೇಲೆ ಕವರ್ ಸ್ಲಿಪ್, ಅಂದರೆ ತೀರಾ ತೆಳ್ಳಗಿನ ಗಾಜಿನ ಚೂರು.

ಈಗ ಫೋಕಸ್. ಪಕ್ಕದಿಂದ ನೋಡುತ್ತ, ದೊಡ್ಡ ನಾಬ್ ತಿರುಗಿಸಿ ಸ್ಟೇಜನ್ನು ಲೆನ್ಸಿನ ಹತ್ತಿರಕ್ಕೆ ತನ್ನಿ. ತಾಗಿಸಬೇಡಿ. ಆಮೇಲೆ ಐಪೀಸಿಗೆ ಕಣ್ಣಿಟ್ಟು, ಸ್ಟೇಜನ್ನು ಕೆಳಗೆ ಇಳಿಸುತ್ತ ಬನ್ನಿ. ಮಂಜಿನಿಂದ ಅಕ್ಷರ ಎದ್ದು ಬರುತ್ತದೆ. ಅಲ್ಲಿ ನಿಲ್ಲಿಸಿ, ಸಣ್ಣ ನಾಬ್‌ನಿಂದ ಚೊಕ್ಕ ಮಾಡಿಕೊಳ್ಳಿ. ಕಣ್ಣಿಟ್ಟುಕೊಂಡು ಮೇಲೆ ಏರಿಸಿದರೆ ಒಂದಲ್ಲ ಒಂದು ದಿನ ಗಾಜು ಒಡೆಯುತ್ತದೆ.

"ಕ" ತಲೆಕೆಳಗಾಗಿ ಕಾಣುತ್ತದೆ, ಎಡಬಲವೂ ಅದಲುಬದಲು. ಸ್ಲೈಡನ್ನು ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಹೋಗುತ್ತದೆ. ಕೈಗೆ ಇದು ರೂಢಿಯಾಗಲು ಒಂದು ಸಂಜೆ ಬೇಕು. ಅದೇ ಪೇಪರಿನ ಬಣ್ಣದ ಫೋಟೋದ ಚೂರನ್ನೂ ಇಟ್ಟು ನೋಡಿ, ಮೇಲಿಂದ ಟಾರ್ಚ್ ಹಿಡಿಯಿರಿ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಬಿಟ್ಟರೆ ಅಲ್ಲಿ ಇನ್ನೇನೂ ಇಲ್ಲ! ಮೊದಲ ದಿನದ ಇರುವೆಗೂ ಹೀಗೇ 4ರ ಲೆನ್ಸು, ಮೇಲಿಂದ ಟಾರ್ಚು.

ಇನ್ನೊಂದು ಕೆಲಸ ಇವತ್ತೇ ಮಾಡಿಬಿಡಿ. ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿಯನ್ನು ಸ್ಟೇಜ್ ಮೇಲಿಟ್ಟು, 4ರ ಲೆನ್ಸಿನಲ್ಲಿ ಎಷ್ಟು ಮಿಲಿಮೀಟರ್ ಕಾಣುತ್ತದೆ ಎಣಿಸಿ. ನಮ್ಮದರಲ್ಲಿ ನಾಲ್ಕೂವರೆ ಬಂತು. ಹಾಗಾದರೆ 10ರ ಲೆನ್ಸಿನಲ್ಲಿ 1.8, 40ರಲ್ಲಿ 0.45 ಮಿಲಿಮೀಟರ್. ಇದನ್ನು ಚೀಟಿಯಲ್ಲಿ ಬರೆದು ಯಂತ್ರದ ಬುಡಕ್ಕೆ ಅಂಟಿಸಿ. ಮುಂದೆ ಕಂಡದ್ದನ್ನೆಲ್ಲ ಅಳೆಯಲು ಇಷ್ಟೇ ಸಾಕು.

ಉಳ್ಳಾಗಡ್ಡಿ

ಗದಗ, ಧಾರವಾಡದ ಕಡೆ ಉಳ್ಳಾಗಡ್ಡಿಗೆ ಬರವೇ? ಒಂದನ್ನು ನಾಲ್ಕು ಹೋಳು ಮಾಡಿ, ಒಂದು ದಪ್ಪ ಎಸಳು ಬಿಡಿಸಿಕೊಳ್ಳಿ. ಅದರ ಒಳಮೈಗೆ, ತಗ್ಗಾಗಿರುವ ಕಡೆ, ಗಾಜಿನಷ್ಟು ತೆಳ್ಳಗಿನ ಪೊರೆ ಇರುತ್ತದೆ. ಎಸಳನ್ನು ಹಿಂದಕ್ಕೆ ಲಟಕ್ಕೆಂದು ಮುರಿದರೆ ಪೊರೆ ತಾನೇ ಇಣುಕುತ್ತದೆ. ಚಿಮಟಿಗೆಯಿಂದ ಎಳೆದು, ಉಗುರಿನಷ್ಟು ತುಂಡು ಮಾಡಿ, ಸ್ಲೈಡಿನ ಮೇಲಿನ ನೀರಹನಿಯಲ್ಲಿ ಮಡಿಕೆ ಬೀಳದಂತೆ ಹಾಸಿ.

ಕವರ್ ಸ್ಲಿಪ್ ಅನ್ನು ಮೇಲಿಂದ ದಪ್ಪನೆ ಬೀಳಿಸಬೇಡಿ. ಒಂದು ಅಂಚನ್ನು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಆಸರೆಯಲ್ಲಿ ಮೆಲ್ಲಗೆ ಮಲಗಿಸಿ. ಹೀಗೆ ಮಾಡಿದರೆ ಗಾಳಿಗುಳ್ಳೆ ಕಮ್ಮಿ. ಗುಳ್ಳೆ ಸಿಕ್ಕಿಕೊಂಡರೆ ದಪ್ಪ ಕಪ್ಪು ಅಂಚಿನ ದುಂಡು ವೃತ್ತವಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ "ಜೀವಕೋಶ ಸಿಕ್ತು" ಎಂದು ಮೊದಲು ಕುಣಿದದ್ದು ಒಂದು ಗುಳ್ಳೆಯನ್ನು ನೋಡಿ.

ಕವರ್ ಸ್ಲಿಪ್ ಬೇಕೇಬೇಕಾ ಎಂದು ಕೇಳುತ್ತಾರೆ. ಬೇಕು. ಆಬ್ಜೆಕ್ಟಿವ್ ಮೇಲೆ "160/0.17" ಎಂದು ಕೆತ್ತಿರುತ್ತಾರೆ. 0.17 ಎಂದರೆ 0.17 ಮಿಲಿಮೀಟರ್ ದಪ್ಪದ ಕವರ್ ಸ್ಲಿಪ್ ಇದೆ ಎಂದುಕೊಂಡೇ ಆ ಲೆನ್ಸ್ ತಯಾರಾಗಿದೆ. ಅದಿಲ್ಲದಿದ್ದರೆ 40ರ ಲೆನ್ಸಿನಲ್ಲಿ ಚಿತ್ರ ಮಬ್ಬಾಗುತ್ತದೆ, ನೀರೂ ಲೆನ್ಸಿಗೆ ಮೆತ್ತಿಕೊಳ್ಳುತ್ತದೆ.

4ರಲ್ಲಿ ಹುಡುಕಿ, 10ಕ್ಕೆ ತಿರುಗಿಸಿ. ಇಟ್ಟಂಗಿ ಗೋಡೆ! ಸಾಲುಸಾಲಾಗಿ ಕಟ್ಟಿದ ಹಾಗೆ ಕೋಶಗಳು. ಆದರೆ ಬಣ್ಣವಿಲ್ಲದ್ದರಿಂದ ಸರಿಯಾಗಿ ಕಾಣುವುದಿಲ್ಲ. ಇಲ್ಲಿ ಹೊಸಬರು ಬೆಳಕು ಹೆಚ್ಚಿಸುತ್ತಾರೆ. ಮಾಡಬೇಕಾದದ್ದು ಉಲ್ಟಾ. ಸ್ಟೇಜಿನ ಕೆಳಗಿರುವ ಡಯಾಫ್ರಾಮ್ ಎಂಬ ಕಿಂಡಿಯನ್ನು ಸ್ವಲ್ಪ ಮುಚ್ಚಿ. ಗೆರೆಗಳು ತಟ್ಟನೆ ಕಪ್ಪಗೆ ಎದ್ದು ನಿಲ್ಲುತ್ತವೆ. ನನ್ನ ಕೇಳಿದರೆ ಇಡೀ ಯಂತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಭಾಗ ಈ ಕಿಂಡಿ. ಅದನ್ನು ಮುಟ್ಟದೆಯೇ ವರ್ಷ ಕಳೆಯುವವರಿದ್ದಾರೆ.

ಇನ್ನು ಬಣ್ಣ. ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆ ಹಚ್ಚಲು ಸಿಗುವ ಅಯೋಡಿನ್ ದ್ರಾವಣವನ್ನು ನೀರಿನಲ್ಲಿ ತೆಳು ಮಾಡಿ. ಕವರ್ ಸ್ಲಿಪ್‌ನ ಒಂದು ಅಂಚಿಗೆ ಒಂದು ಹನಿ ಬಿಟ್ಟು, ಎದುರು ಅಂಚಿಗೆ ಟಿಶ್ಯೂ ಪೇಪರ್ ತುದಿ ಹಿಡಿಯಿರಿ. ಪೇಪರ್ ಆ ಕಡೆ ನೀರು ಹೀರಿದಂತೆ ಅಯೋಡಿನ್ ಈ ಕಡೆಯಿಂದ ಒಳಗೆ ಹರಿಯುತ್ತದೆ. ಎರಡು ನಿಮಿಷ ಬಿಟ್ಟು ನೋಡಿದರೆ ಪ್ರತಿ ಇಟ್ಟಂಗಿಯಲ್ಲೂ ಒಂದು ಹಳದಿ-ಕಂದು ಬೊಟ್ಟು. ಅದೇ ನ್ಯೂಕ್ಲಿಯಸ್, ಕೋಶದ ಕೇಂದ್ರ. ಚೆಲ್ಲದಂತೆ ನೋಡಿಕೊಳ್ಳಿ, ಅಡುಗೆ ಕಟ್ಟೆಯ ಮೇಲೆ ಬಿದ್ದ ಕಲೆ ಸುಮ್ನೆ ಹೋಗುವುದಿಲ್ಲ.

10ರ ಲೆನ್ಸಿನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಆರು ಕೋಶ ಉದ್ದುದ್ದ ಹಿಡಿದವು ಎನ್ನಿ. 1.8ನ್ನು ಆರರಿಂದ ಭಾಗಿಸಿದರೆ ಒಂದು ಕೋಶದ ಉದ್ದ 0.3 ಮಿಲಿಮೀಟರ್. ಪಟ್ಟಿಯ ಚೀಟಿ ಕೆಲಸಕ್ಕೆ ಬಂತಲ್ಲ.

ಕೊನೆಗೆ 40ರ ಲೆನ್ಸ್. ಇದು ಗಾಜಿನಿಂದ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಲ್ಲಿ ದೊಡ್ಡ ನಾಬ್ ಮುಟ್ಟುವಂತಿಲ್ಲ, ಸಣ್ಣದು ಮಾತ್ರ. ಚಿತ್ರ ಕಪ್ಪಾದರೆ ಆಗ ಕಿಂಡಿಯನ್ನು ಸ್ವಲ್ಪ ತೆರೆಯಿರಿ.

ಅಡುಗೆ ಮನೆ, ಕೆರೆ, ಖಾದಿ

ಜೋಳದ ಹಿಟ್ಟನ್ನು ಸೂಜಿಮೊನೆಯಷ್ಟು ತೆಗೆದುಕೊಂಡು ನೀರಹನಿಯಲ್ಲಿ ಕದಡಿ, 400 ಪಟ್ಟಿನಲ್ಲಿ ನೋಡಿ. ಮೂಲೆಮೂಲೆಯಾದ ಪಿಷ್ಟದ ಕಾಳುಗಳು ಕಾಣುತ್ತವೆ. ಅವ್ವ ನೋಡಿ, "ಏ ತಮ್ಮಾ, ರೊಟ್ಟಿ ಹಿಟ್ಟ ಅಂತಿ, ಸಕ್ರಿ ಹರಳು ಕಂಡಂಗ ಕಾಣತೈತಲ್ಲೋ" ಎಂದಳು. ಬಟಾಟಿಯನ್ನು ಕೊಯ್ದ ಕಡೆ ಸ್ಲೈಡಿಗೆ ಒರೆಸಿ ನೋಡಿದರೆ ದೊಡ್ಡ ಮೊಟ್ಟೆಯಾಕಾರದ ಕಾಳು, ಅಕ್ಕಿ ಹಿಟ್ಟಿನಲ್ಲಿ ತೀರಾ ಪುಟಾಣಿ ಕಾಳು. ಅಯೋಡಿನ್ ಬಿಟ್ಟರೆ ಮೂರೂ ನೀಲಿಗಪ್ಪು. ಎಮ್ಮೆ ಹಾಲನ್ನು ನೀರು ಬೆರೆಸಿ ತೆಳು ಮಾಡಿ ಇಟ್ಟರೆ ಕೊಬ್ಬಿನ ಗುಂಡುಗಳು ಜಿಗಿಜಿಗಿ ನಡುಗುತ್ತಿರುತ್ತವೆ.

ಕೆರೆ ನೀರಿಗೆ ಉಣಕಲ್ ಇದೆ, ಕೆಲಗೇರಿ ಇದೆ, ಗದಗಿನವರಿಗೆ ಭೀಷ್ಮ ಕೆರೆ. ನಡುನೀರು ಬೇಡ. ದಂಡೆಯ ಪಾಚಿ, ಕೊಳೆತ ಎಲೆ ಇರುವ ಕಡೆ ಒಂದು ಬಾಟಲಿ ತುಂಬಿಕೊಳ್ಳಿ. ಮಕ್ಕಳನ್ನು ಒಬ್ಬರನ್ನೇ ಕಳಿಸಬೇಡಿ, ವಾಪಸ್ ಬಂದು ಸೋಪಿನಿಂದ ಕೈ ತೊಳೆಯಿರಿ. ಪ್ಯಾರಮೀಸಿಯಂ ಎಂಬ ಒಂದೇ ಕೋಶದ ಜೀವಿ ಸಿಕ್ಕರೆ ಅದು ಕಣ್ಣಮುಂದೆಯೇ ಓಡಿಹೋಗುತ್ತದೆ. ಹನಿಯಲ್ಲಿ ಎರಡು ಎಳೆ ಹತ್ತಿ ಹಾಕಿ, ಬೇಲಿಗೆ ಸಿಕ್ಕಿದ ದನದ ಹಾಗೆ ನಿಧಾನವಾಗುತ್ತದೆ.

ಹತ್ತಿ ಎಂದ ಮೇಲೆ ಖಾದಿ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಇರುವುದು ಹುಬ್ಬಳ್ಳಿಯಲ್ಲೇ ತಾನೆ. ಖಾದಿಯ ಒಂದು ನೂಲು, ಪಾಲಿಯೆಸ್ಟರ್ ಸೀರೆಯ ಒಂದು ನೂಲು ಬಿಡಿಸಿ ಪಕ್ಕಪಕ್ಕ ಇಡಿ. ಹತ್ತಿಯ ಎಳೆ ಹೊಸೆದ ರಿಬ್ಬನ್ನಿನಂತೆ ತಿರುಚಿಕೊಂಡಿರುತ್ತದೆ. ಪಾಲಿಯೆಸ್ಟರ್ ಗಾಜಿನ ಕಡ್ಡಿಯಂತೆ ನುಣ್ಣಗೆ. "ಅಪ್ಪಟ ಹತ್ತಿ" ಎಂದು ಕೊಂಡ ಎಷ್ಟೋ ಬಟ್ಟೆಗಳ ಬಂಡವಾಳ ನಮ್ಮ ಮೇಜಿನ ಮೇಲೆ ಬಯಲಾಯಿತು. ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ ಕೂಡ ಬಟ್ಟೆ ವ್ಯಾಪಾರಿ. ನೂಲು ಪರೀಕ್ಷಿಸಲು ಲೆನ್ಸ್ ಹಿಡಿಯುವ ಕಸುಬಿನ ಆ ಮನುಷ್ಯ 1674ರಲ್ಲಿ ಕೆರೆಯ ನೀರಿನಲ್ಲಿ ಓಡಾಡುವ ಸೂಕ್ಷ್ಮ ಜೀವಿಗಳನ್ನು ಕಂಡ.

ಮಳೆ ಮತ್ತು ದೂಳು

ನಮ್ಮ ಕಡೆ ಈ ಯಂತ್ರಕ್ಕೆ ಇಬ್ಬರು ವೈರಿಗಳು. ಒಂದು ಧಾರವಾಡದ ಜಿಟಿಜಿಟಿ ಮಳೆ, ಇನ್ನೊಂದು ಎರೆಭೂಮಿಯ ದೂಳು.

ಹೋದ ಮಳೆಗಾಲ ನಾನೇ ಮಾಡಿದ ತಪ್ಪು ಕೇಳಿ. ಚೆನ್ನಾಗಿರಲಿ ಎಂದು ಪ್ಲಾಸ್ಟಿಕ್ ಚೀಲ ಸುತ್ತಿ ಕಪಾಟಿನಲ್ಲಿಟ್ಟೆ. ಜೂನ್‌ನಲ್ಲಿ ಇಟ್ಟದ್ದನ್ನು ಸೆಪ್ಟೆಂಬರ್‌ನಲ್ಲಿ ತೆಗೆದರೆ 10ರ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು. ಬೂಸ್ಟು. ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಬೆಳೆದಿತ್ತು. ಬೂಸ್ಟು ಲೆನ್ಸಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೆ ಹೋಗುವಂಥದ್ದಲ್ಲ. ಈಗ ಐಪೀಸ್, ಆಬ್ಜೆಕ್ಟಿವ್‌ಗಳನ್ನು ಬಿಚ್ಚಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಐಪೀಸ್ ತೆಗೆದ ತೂತಿಗೆ ಮುಚ್ಚಳ ಹಾಕುವುದು ಮರೆಯಬಾರದು. ಜೆಲ್‌ನ ಮಣಿಗಳು ಬಣ್ಣ ಬದಲಿಸಿದರೆ ತೇವ ಹೀರಿ ತುಂಬಿವೆ ಎಂದರ್ಥ. ಹೊಸದು ಹಾಕಿ. ರೊಟ್ಟಿ ಹಂಚಿನ ಮೇಲೆ ಹುರಿದು ಒಣಗಿಸಲು ಹೋಗಬೇಡಿ, ನೀಲಿ ಮಣಿಗಳಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ.

ಬೇಸಿಗೆಯಲ್ಲಿ ದೂಳು. ಗಾಳಿಯಂತ್ರ ತಿರುಗುವ ಗದಗಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಲೆನ್ಸನ್ನು ಅಂಗಿಯ ಚುಂಗಿನಿಂದ, ಸೀರೆಯ ಸೆರಗಿನಿಂದ ಒರೆಸಬೇಡಿ. ಮಣ್ಣಿನ ಕಣ ಗಾಜಿಗೆ ಗೀರು ಹಾಕುತ್ತದೆ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಕ್ಯಾಮೆರಾದವರು ಬಳಸುವ ರಬ್ಬರ್ ಊದುಗುಂಡಿನಿಂದ ಗಾಳಿ ಹಾಯಿಸಿ, ಮೆತ್ತನೆಯ ಬ್ರಷ್ ಆಡಿಸಿ. ಕಲೆ ಇನ್ನೂ ಇದ್ದರೆ ಮಾತ್ರ ಲೆನ್ಸ್ ಪೇಪರಿಗೆ ಒಂದು ಹನಿ ಲೆನ್ಸ್ ಕ್ಲೀನರ್ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ ಹಗುರವಾಗಿ ಒರೆಸಿ.

ಒರೆಸುವ ಮೊದಲು ದೂಳು ಎಲ್ಲಿದೆ ಎಂದು ಪತ್ತೆ ಹಚ್ಚಿ. ಕಣ್ಣಿಟ್ಟುಕೊಂಡೇ ಐಪೀಸ್ ತಿರುಗಿಸಿ. ಚುಕ್ಕೆಯೂ ತಿರುಗಿದರೆ ಅದು ಐಪೀಸಿನದು. ಸ್ಲೈಡ್ ಸರಿಸಿದಾಗ ಚುಕ್ಕೆ ಸರಿದರೆ ಸ್ಲೈಡಿನದು. ಆಬ್ಜೆಕ್ಟಿವ್ ಬದಲಿಸಿದಾಗ ಮಾಯವಾದರೆ ಆ ಆಬ್ಜೆಕ್ಟಿವ್‌ನದು. ಇಷ್ಟು ನೋಡಿಕೊಂಡರೆ ಎಲ್ಲ ಲೆನ್ಸ್ ಉಜ್ಜುವ ಕೆಲಸ ತಪ್ಪುತ್ತದೆ. ಆಬ್ಜೆಕ್ಟಿವ್‌ನ ಒಳಗಿನ ಗಾಜುಗಳನ್ನು ಮಾತ್ರ ಬಿಚ್ಚಲೇಬೇಡಿ. ಮತ್ತೆ ಕೂಡಿಸುವುದು ನಮ್ಮಂಥವರ ಕೈಯಲ್ಲಿ ಆಗುವ ಮಾತಲ್ಲ.

ದಿನದ ಆಟ ಮುಗಿದ ಮೇಲೆ 4ರ ಲೆನ್ಸ್ ಕೆಳಗೆ ಬರುವಂತೆ ತಿರುಗಿಸಿ, ಸ್ಟೇಜ್ ಪೂರ್ತಿ ಇಳಿಸಿ, ಒದ್ದೆಯಿದ್ದರೆ ಒರೆಸಿ, ದೀಪ ಆರಿಸಿ, ತೊಳೆದ ಹತ್ತಿ ಬಟ್ಟೆ ಹೊದಿಸಿ. ಸ್ಲೈಡ್ ತೊಳೆದಿಡಿ. ಒಡೆದ ಕವರ್ ಸ್ಲಿಪ್ ಕಸದಬುಟ್ಟಿಗೆ ಬಿಡಿಯಾಗಿ ಎಸೆಯದೆ, ಪೇಪರಿನಲ್ಲಿ ದಪ್ಪಗೆ ಸುತ್ತಿ ಕೊಡಿ. ಕಸ ಆರಿಸುವವರ ಬೆರಳಿಗೆ ಅದು ಕಾಣುವುದೇ ಇಲ್ಲ.